ಇಪ್ಪತ್ತೆಂಟನೆಯ ದಿನ

ಪೀಣ್ಯ ಎರಡನೇ ಹಂತ, ಲೇತುಗಳ ಸಾಲಿನ ಹಿಂದೆ
ನಮ್ಮ ಲ್ಯಾಬು. ನನ್ನ ಕೆಲಸ ಒಡೆಯುವುದು.
ಗೇಣಿಗೂ ಕಮ್ಮಿ ಅಗಲ, ಅಷ್ಟೇ ಉದ್ದ, ಅಷ್ಟೇ ಎತ್ತರ,
ಎಂಟು ಕಿಲೋ ಚಿಲ್ಲರೆ ತೂಗುವ ಕಾಂಕ್ರೀಟಿನ ಕ್ಯೂಬು.
ಊರೆಲ್ಲ ಕಟ್ಟುತ್ತಿರುವಾಗ
ಬೆಳಗಿನ ಒಂಬತ್ತೂವರೆಯಿಂದ ನಾನು ಒಡೆಯುತ್ತೇನೆ.

ತೊಟ್ಟಿಯ ತಳದಲ್ಲಿ ಮುಳುಗಿ ಕೂತಿರುತ್ತವೆ.
ಮೊಳೆಯಲ್ಲಿ ಗೀಚಿದ ತಾರೀಕು, ಅದು ಹುಟ್ಟಿದ ದಿನ.
ಇನ್ನೊಂದು ದಿನವನ್ನು ಬರೆಯಬೇಕಿಲ್ಲ, ಗೊತ್ತಿರುವುದೇ:
ಏಳು, ಇಲ್ಲವೇ ಇಪ್ಪತ್ತೆಂಟು.
ಎತ್ತಿ, ಒರೆಸಿ, ಮಿಷನ್ನಿನ ಎರಡು ತಟ್ಟೆಗಳ ನಡುವೆ ಇಟ್ಟರೆ
ಮುಳ್ಳು ಏರುತ್ತದೆ, ಏರುತ್ತಲೇ ಇರುತ್ತದೆ,
ಒಳಗೆಲ್ಲೋ ಹುರಿಗಡಲೆ ಕಡಿದ ಸದ್ದು,
ಆಮೇಲೆ ಒಂದೇ ಸಲ ಢಬ್.
ನಾಲ್ಕು ಮಗ್ಗುಲೂ ಉದುರಿ, ನಡು ಸಣ್ಣಗಾಗಿ
ಉಳಿಯುವುದು ಬುಡುಬುಡಿಕೆ.
ಸರಿಯಾಗಿ ಒಡೆದದ್ದು ಹೀಗೇ ಒಡೆಯಬೇಕು.
ಶಕುನ ಮಾತ್ರ ನುಡಿಯುವುದಿಲ್ಲ ಅದು.

ಅವ್ವನ ಕೆಲಸ ನೀರು ಹಾಕುವುದಾಗಿತ್ತು.
ಪಾವಗಡದ ಕಡೆಯ ತಿಪ್ಪಕ್ಕ. ಮೋಲ್ಡ್ ಹಾಕುವ ದಿನ
ಬಾಂಡ್ಲಿ ಸಾಲಿನಲ್ಲಿ ನಿಂತು, ಒಂದು ಎರಡು ನಾಲ್ಕು,
ಸಿಮೆಂಟು ಮರಳು ಜಲ್ಲಿ, ಕೈಯಿಂದ ಕೈಗೆ ದಾಟಿಸಿ,
ಸಂಜೆ ಓನರು ಹಾಕಿಸಿದ ಮಟನ್ ಊಟ ಉಂಡು,
ಮಾರನೆ ದಿನ ಕೋಳಿ ಕೂಗುವಾಗಲೇ ಮಾಳಿಗೆ ಹತ್ತುತ್ತಿದ್ದಳು.
ಗಾರೆಯ ಬದು ಕಟ್ಟಿ, ಪಾತಿಯಂತೆ ನೀರು ನಿಲ್ಲಿಸಿ,
ಕಂಬಕ್ಕೆ ಗೋಣಿ ಸುತ್ತಿ, ಅದರ ಮೇಲೆ ಅಂಗೈ ಇಟ್ಟು,
‘ಕಾವು ಇಳ್ದಿಲ್ಲ ಕಣೆ. ಹಸಿ ಬಾಣಂತಿ ಇದ್ದಂಗೆ ಇದು,
ಬಿಸ್ಲು ತಾಗಬಾರ್ದು, ಗಾಳಿ ತಾಗಬಾರ್ದು.’
ನಾನು ಆ ಪಾತಿಯಲ್ಲಿ ಚಪ್ಪಲಿ ತೇಲಿಬಿಡುತ್ತಿದ್ದೆ.

ಈಗ ಹಾಲಿನಂಥ ಬಿಳಿ ಔಷಧಿ ಬಂದಿದೆ.
ಬೆನ್ನಿಗೆ ಕ್ಯಾನು ಬಿಗಿದ ಒಡಿಶಾದ ಹುಡುಗ ದುಃಖಿಶ್ಯಾಮ
ಹತ್ತು ನಿಮಿಷ ಸಿಂಪಡಿಸಿ ಲಿಫ್ಟಿನಲ್ಲಿ ಇಳಿಯುತ್ತಾನೆ.
ತಪ್ಪೇನಲ್ಲ. ಕುಡಿಯುವುದಕ್ಕೇ ಟ್ಯಾಂಕರು ಕಾಯುವ ಊರಲ್ಲಿ
ಕಂಬಕ್ಕೆ ವಾರಗಟ್ಟಲೆ ಸ್ನಾನ ಮಾಡಿಸುವವರು ಯಾರು?
ಹೊಳೆ ಮರಳೂ ಹೋಗಿ ಬಂಡೆ ಅರೆದ ಮರಳು ಬಂತು.
ಅದೂ ತಪ್ಪಲ್ಲ,
ತೊಳೆದು ಕೊಟ್ಟರೆ.

ಜುಬೇರ್ ರೆಡಿಮಿಕ್ಸ್ ಗಾಡಿ ಓಡಿಸುವವನು.
ನಮ್ಮ ಗೇಟಿನ ಎದುರಿನ ಗೂಡಂಗಡಿಯಲ್ಲಿ ಟೀ ಊದುತ್ತ ಹೇಳಿದ:
‘ಹೆಬ್ಬಾಳದಲ್ಲೇ ಎರಡೂಕಾಲು ಗಂಟೆ ಮೇಡಂ. ಡ್ರಮ್ಮು ತಿರುಗಿ ತಿರುಗಿ
ಮಾಲು ಮುದ್ದೆ ಆಗೋಯ್ತು. ಸೈಟಲ್ಲಿ ಪಂಪಿನವ್ನು ಪೈಪು ತಂದ.
ಎಷ್ಟು ನೀರು ಬಿಟ್ಟ, ನಾನು ನೋಡ್ಲಿಲ್ಲ.’

ಆ ಗಾಡಿಯ ಕ್ಯೂಬು ನನ್ನ ತೊಟ್ಟಿಯಲ್ಲಿತ್ತು.
ಪ್ಲಾಂಟಿನ ಗೇಟು ದಾಟುವ ಮುಂಚೆಯೇ ತುಂಬಿದ್ದು,
ಮೈ ಕನ್ನಡಿ, ಮೂಲೆ ಕೊಯ್ದಿಟ್ಟ ಹಾಗೆ.
ಬೇಕಿದ್ದದ್ದು ಮೂವತ್ತು. ಬಂದದ್ದು ನಲವತ್ತೊಂದು.
ನಲವತ್ತೊಂದು ಎಂದೇ ಬರೆದೆ. ಸುಳ್ಳಲ್ಲ.
ಏಳನೇ ಮಹಡಿಯ ಕಂಬವನ್ನು
ಯಾರೂ ನನ್ನ ತಟ್ಟೆಗಳ ನಡುವೆ ತಂದಿಡುವುದಿಲ್ಲ.

ಹೋದ ತಿಂಗಳು ರಾಜಾಜಿನಗರದಿಂದ ಒಂದು ಕೋರು ಬಂತು.
ಹಳೆ ಮನೆ, ಮೇಲೆ ಇನ್ನೆರಡು ಮಹಡಿ ತಾಳುತ್ತದೆಯೇ ಎಂದು
ಕಂಬದಿಂದ ಕೊರೆದು ತೆಗೆದ ಉರುಳೆ.
ಒಳಗೆ ಇಟ್ಟಿಗೆ ಚೂರು, ಗೋಲಿ ಹಿಡಿಯುವಷ್ಟು ತೂತು,
ಯಾರದೋ ಮಧ್ಯಾಹ್ನದ ಒಂದು ಹುಣಸೆ ಬೀಜ.
ಹದಿನೇಳೂವರೆಗೆ ಬಿರಿಯಿತು. ಇವತ್ತಿನ ಪುಸ್ತಕದಲ್ಲಿ ಫೇಲು.
ನಲವತ್ತು ವರ್ಷ ಮನೆ ಹೊತ್ತಿತ್ತಲ್ಲ,
ಅದನ್ನು ಬರೆಯಲು ಫಾರಮ್ಮಿನಲ್ಲಿ ಕಾಲಂ ಇಲ್ಲ.

ಅವ್ವನಿಗೆ ಹೇಳಿದೆ. ಆ ಕಡೆ ಅವಳು
ಎಷ್ಟು ಮನೆಗೆ ನೀರು ಹಾಕಿದ್ದಳೋ. ಇದೂ ಇರಬಹುದು, ಇಲ್ಲದೆಯೂ ಇರಬಹುದು.
ಅವರೆಕಾಯಿ ಬಿಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.
‘ಎಷ್ಟು ಬರ್ಬೇಕಿತ್ತು?’
‘ಇಪ್ಪತ್ತಾದರೂ.’
ತುಸು ಹೊತ್ತು ಬರೀ ಸಿಪ್ಪೆಯ ಸದ್ದು.
‘ಕಲ್ಸೋರು ಏನು ಕಲ್ಸಿದ್ರೋ. ನೀರು ಮಾತ್ರ
ನಾನು ಸರ್ಯಾಗೇ ಹಾಕಿದ್ದೆ.’